ಹದಿಹರೆಯದವರ ಫ್ಯಾಷನ್ ಮಾಸಿಕವನ್ನು ಫೋನಿಗೆ ತರುವುದು ಹೇಗೆ?

ಪ್ರಶ್ನೆ: ನಾವು ನಾಲ್ವರು ಸೇರಿ ಬೆಂಗಳೂರಿನಿಂದ ಹದಿಹರೆಯದ ಹೆಣ್ಣುಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಫ್ಯಾಷನ್ ಮಾಸಿಕ ನಡೆಸುತ್ತಿದ್ದೇವೆ. 14 ವರ್ಷ ಆಯಿತು. ಈಗ ಕಾಗದ, ಅಚ್ಚು, ಅಂಚೆ ಎಲ್ಲದರ ಖರ್ಚೂ ಏರಿದೆ. ಮಾರಾಟವಾಗದ ಪ್ರತಿಗಳು ಏಜೆಂಟರಿಂದ ಕಟ್ಟುಗಟ್ಟಲೆ ವಾಪಸ್ ಬರುತ್ತಿವೆ. ಮುಂದಿನ ವರ್ಷದಿಂದ ಅಚ್ಚು ನಿಲ್ಲಿಸಿ ಪೂರ್ತಿ ಡಿಜಿಟಲ್ ಆಗೋಣ ಅಂದುಕೊಂಡಿದ್ದೇವೆ. ಪ್ರತಿ ತಿಂಗಳು ಪಿಡಿಎಫ್ ಕಳಿಸಿ, ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕಿದರೆ ಸಾಕಾ? ಹಳೆಯ ಸಂಚಿಕೆಗಳನ್ನೆಲ್ಲ ವೆಬ್‌ಸೈಟಿಗೆ ಹಾಕಬೇಕು ಅಂತಲೂ ಆಸೆ ಇದೆ. ಎಲ್ಲಿಂದ ಶುರು ಮಾಡಬೇಕು?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ನಿಮ್ಮ ಕಚೇರಿಯಲ್ಲಿ ಚಂದಾದಾರರ ಪಟ್ಟಿ ಇರುತ್ತದಲ್ಲ, ಪ್ರತಿ ತಿಂಗಳು ಕವರಿನ ಮೇಲೆ ಅಂಟಿಸುವ ವಿಳಾಸದ ಚೀಟಿಗಳು ಬರುವುದು ಅದರಿಂದಲೇ. ಅಲ್ಲಿಂದ ಶುರು ಮಾಡಿ. ವೆಬ್‌ಸೈಟ್, ಆ್ಯಪ್, ಇನ್‌ಸ್ಟಾಗ್ರಾಂ ಎಲ್ಲ ಆಮೇಲೆ.

ಯಾಕೆ ಅಂದರೆ ಆ ಪಟ್ಟಿ ನಿಮ್ಮದು. ಇನ್‌ಸ್ಟಾಗ್ರಾಂನಲ್ಲಿ ನಿಮ್ಮನ್ನು ಫಾಲೋ ಮಾಡುವವರ ಪಟ್ಟಿ ಆ ಕಂಪನಿಯದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ವರ್ಷಗಟ್ಟಲೆ ಅಲ್ಲಿ ಜನ ಸೇರಿಸಿದವರು ರಾತ್ರೋರಾತ್ರಿ ಎಲ್ಲರನ್ನೂ ಕಳೆದುಕೊಂಡರು. ಮುಂದೆ ಹೀಗಾಗಲ್ಲ ಅನ್ನುವ ಹಾಗಿಲ್ಲ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷ ತುಂಬದವರು ದೊಡ್ಡ ಸೋಷಿಯಲ್ ಮೀಡಿಯಾಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಓದುಗರಲ್ಲಿ ಅರ್ಧ ಜನ ಆ ವಯಸ್ಸಿನವರೇ ಅಲ್ವಾ?

ನಿಮ್ಮಂಥ ಪತ್ರಿಕೆಗೆ ಇನ್ನೂ ಒಂದು ವಿಷಯ ಇದೆ. ಪ್ರತಿಯೊಂದು ಚಂದಾದ ಹಿಂದೆ ಇರುವುದು ಒಬ್ಬರಲ್ಲ, ಇಬ್ಬರು. ಓದುವವಳು ಮಗಳು, ದುಡ್ಡು ಕೊಡುವವರು ಅಮ್ಮ. ಅಚ್ಚಿನ ಕಾಲದಲ್ಲೂ ಹಾಗೇ ಇತ್ತು. ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಹೂವು ತರಕಾರಿ ತಗೊಂಡು, ಪೇಪರ್ ಅಂಗಡಿಯಲ್ಲಿ ತಮಗೊಂದು ಸುಧಾ ಎತ್ತಿಕೊಂಡು, 'ಇವಳಿಗೆ ಅದೊಂದು ಕೊಟ್ಟುಬಿಡಿ' ಅಂತ ಹೇಳುತ್ತಿದ್ದವರು ಅಮ್ಮಂದಿರೇ. ಈಗ ಯುಪಿಐ ಪಿನ್ ಅವರ ಹತ್ತಿರ ಇದೆ. ಎಷ್ಟೋ ಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಮಗಳು ಹಿಡಿಯುವುದು ಅಮ್ಮನ ಫೋನೇ. ಹಾಗಾಗಿ ಡಿಜಿಟಲ್‌ಗೆ ಬರುವಾಗ ನೀವು ಮೊದಲು ಒಪ್ಪಿಸಬೇಕಾದದ್ದು ಅಮ್ಮನನ್ನು. ಮಗಳು ನಿಮ್ಮನ್ನು ಹುಡುಕಿಕೊಂಡು ಬರುತ್ತಾಳೆ, ಅಮ್ಮ ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಅಚ್ಚು ನಿಲ್ಲಿಸುವ ಮುಂಚಿನ ಕಡೇಪಕ್ಷ 4 ಸಂಚಿಕೆಗಳಲ್ಲಿ, ಮಧ್ಯದ ಪಿನ್ ಹತ್ತಿರ, ಒಂದು ಚೀಟಿ ಇಡಿ. ಅದರಲ್ಲಿ ಒಂದು ಕ್ಯೂಆರ್ ಕೋಡ್, ಅಮ್ಮನಿಗೆ ನಾಲ್ಕು ಸಾಲಿನ ಪತ್ರ. ಪತ್ರಿಕೆ ಇನ್ನು ಹೇಗೆ ಬರುತ್ತದೆ, ನಾವು ಏನು ಕಳಿಸುತ್ತೇವೆ, ಏನು ಕಳಿಸುವುದಿಲ್ಲ, ಇಷ್ಟು ಸಾಕು. ಸ್ಕ್ಯಾನ್ ಮಾಡಿದರೆ ಅಮ್ಮನ ಹೆಸರು ಮತ್ತು ಫೋನ್ ನಂಬರ್ ಕೇಳಿ. ಮಗಳ ನಂಬರ್ ಕೇಳಬೇಡಿ. ಸ್ಕ್ಯಾನ್ ಮಾಡದ ಚಂದಾದಾರರಿಗೆ ನೀವು ನಾಲ್ವರೂ ಹಂಚಿಕೊಂಡು ಫೋನ್ ಮಾಡಿ. ಬೇಸರದ ಕೆಲಸ, ನಿಜ. ಆದರೆ ಒಂದು ಫೋನ್ ಕರೆಯಲ್ಲಿ ಉಳಿಯುವ ಚಂದಾದಾರರು ಹತ್ತು ಜಾಹೀರಾತಿಗೂ ಬರುವುದಿಲ್ಲ.

ವಾಟ್ಸ್‌ಆ್ಯಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕನ್ನಡದ ಮನೆಗಳಲ್ಲಿ ಇಮೇಲ್ ತೆರೆದು ನೋಡುವ ಅಮ್ಮಂದಿರು ಕಡಿಮೆ. ಸಾಮಾನ್ಯ ಗ್ರೂಪ್ ಖಂಡಿತ ಮಾಡಬೇಡಿ. ಗ್ರೂಪಿಗೆ ಸೇರಿದವರ ನಂಬರ್ ಉಳಿದವರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಪತ್ರಿಕೆಗೆ ಅದಕ್ಕಿಂತ ದೊಡ್ಡ ತಪ್ಪು ಇಲ್ಲ. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನಕ್ಕೆ ಮಾತ್ರ ಜಾಗ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. 2023ರಲ್ಲಿ ಬಂದ ಚಾನೆಲ್ ಸೌಲಭ್ಯದಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದು, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮಗೂ ಕಾಣುವುದಿಲ್ಲ. ಅದಕ್ಕೇ ಚಾನೆಲ್ ಎಲ್ಲರಿಗೂ ಇರಲಿ. ದುಡ್ಡು ಕೊಟ್ಟ ಚಂದಾದಾರರಿಗೆ ಬಿಸಿನೆಸ್ ಖಾತೆಯಿಂದ ಕಳಿಸಿ. ಆ ರೀತಿ ಒಟ್ಟಿಗೆ ಕಳಿಸುವ ಪ್ರಚಾರದ ಸಂದೇಶಗಳಿಗೆ ಒಂದೊಂದಕ್ಕೂ ಶುಲ್ಕ ಇದೆ. ಅಂಚೆ ಖರ್ಚಿನ ಜಾಗದಲ್ಲಿ ಅದನ್ನು ಬರೆದುಕೊಳ್ಳಿ.

ಒಮ್ಮೆಗೇ ನಿಲ್ಲಿಸಬೇಕಾ ಅನ್ನುವುದು ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಬೇಡ. ಈ ದಾರಿಯಲ್ಲಿ ಮೊದಲು ನಡೆದವರನ್ನು ನೋಡಿ. ಅಮೆರಿಕದ ಹದಿಹರೆಯದವರ ಪತ್ರಿಕೆ ಸೆವೆಂಟೀನ್ ಶುರುವಾಗಿದ್ದು 1944ರಲ್ಲಿ. ಅದು 2018ರ ಕೊನೆಯಲ್ಲಿ ನಿಯಮಿತ ಅಚ್ಚು ಬಿಟ್ಟು, ವಿಶೇಷ ಸಂಚಿಕೆಗಳನ್ನು ಮಾತ್ರ ಕಾಗದದಲ್ಲಿ ಉಳಿಸಿಕೊಂಡಿತು. ಟೀನ್ ವೋಗ್ 2003ರಲ್ಲಿ ಬಂದಾಗ ಬ್ಯಾಗಿನೊಳಗೆ ಹಿಡಿಸುವಷ್ಟು ಸಣ್ಣ ಆಕಾರದಲ್ಲಿತ್ತು. 2016ರ ಕೊನೆಗೆ ವರ್ಷಕ್ಕೆ 4 ಸಂಚಿಕೆಗೆ ಇಳಿಯಿತು. ಮರುವರ್ಷ ನವೆಂಬರಿನಲ್ಲಿ ಅಚ್ಚನ್ನೇ ನಿಲ್ಲಿಸುವುದಾಗಿ ಹೇಳಿದರು. ವೆಬ್‌ನಲ್ಲಿ ಅದು ಬಟ್ಟೆಬರೆ ದಾಟಿ ರಾಜಕೀಯ, ಹುಡುಗಿಯರ ಹಕ್ಕು ಇಂಥದ್ದನ್ನೆಲ್ಲ ಬರೆದು ಹೆಸರು ಮಾಡಿತು. ಆದರೂ 2025ರ ನವೆಂಬರಿನಲ್ಲಿ ಅದನ್ನು ದೊಡ್ಡವರ ಫ್ಯಾಷನ್ ಪತ್ರಿಕೆ ವೋಗ್‌ನ ವೆಬ್‌ಸೈಟಿನೊಳಗೆ ಸೇರಿಸಿಬಿಟ್ಟರು. ಟ್ಯಾವಿ ಗೆವಿನ್ಸನ್ ಅನ್ನುವ ಹುಡುಗಿ ಹದಿಹರೆಯದಲ್ಲೇ 2011ರಲ್ಲಿ ಶುರು ಮಾಡಿದ ರೂಕಿ ಹುಟ್ಟಿದ್ದೇ ವೆಬ್‌ನಲ್ಲಿ. ಓದುಗರಿಗೆ ಪ್ರಾಣವಾಗಿತ್ತು. ಹಣದ ದಾರಿ ಸರಿಹೋಗದೆ 2018ರಲ್ಲಿ ಅದೂ ನಿಂತಿತು.

ಇದರಿಂದ ನನಗೆ ಅನ್ನಿಸುವುದು ಇಷ್ಟು. ಕಾಗದ ಬಿಟ್ಟರೆ ಕಾಗದದ ಖರ್ಚು ಉಳಿಯುತ್ತದೆ, ಬರೆಯುವ, ಫೋಟೊ ತೆಗೆಯುವ, ತಿದ್ದುವ ಖರ್ಚು ಹಾಗೇ ಇರುತ್ತದೆ. ಡಿಜಿಟಲ್ ಆದ ಮಾತ್ರಕ್ಕೆ ಪತ್ರಿಕೆ ಉಳಿಯುವುದಿಲ್ಲ. ಸೆವೆಂಟೀನ್ ಮಾಡಿದ ವಿಶೇಷ ಸಂಚಿಕೆಯ ಉಪಾಯ ನಮಗೆ ಹೊಸದೇನಲ್ಲ. ದೀಪಾವಳಿ, ಯುಗಾದಿ ವಿಶೇಷಾಂಕದ ರೂಢಿ ಕನ್ನಡದಲ್ಲಿ ಗಟ್ಟಿಯಾಗಿದೆ. ಚಿಕ್ಕಪೇಟೆಯ ಸೀರೆ ಅಂಗಡಿಯವರಿಗೂ, ಒಡವೆ ಅಂಗಡಿಯವರಿಗೂ ಹಬ್ಬದ ಮುಂಚೆ ಜಾಹೀರಾತು ಕೊಟ್ಟು ಅಭ್ಯಾಸ. ಹಾಗಾಗಿ ವರ್ಷಕ್ಕೆ 12ರ ಬದಲು 2 ಅಚ್ಚು ಸಂಚಿಕೆ ಇಟ್ಟುಕೊಳ್ಳಿ. ಒಳ್ಳೆಯ ಕಾಗದ, ದಪ್ಪ ಮುಖಪುಟ, ಎತ್ತಿಡಬೇಕು ಅನ್ನಿಸುವ ಹಾಗೆ. ಮುಂಗಡ ದುಡ್ಡು ಬಂದಷ್ಟೇ ಪ್ರತಿ ಅಚ್ಚು ಹಾಕಿಸಿ. ಆಗ ವಾಪಸ್ ಬರುವ ಕಟ್ಟುಗಳ ಕಾಟವೂ ಇರುವುದಿಲ್ಲ. ರೂಕಿ ಕೂಡ ವೆಬ್‌ನಲ್ಲಿ ಬಂದದ್ದನ್ನು ಆರಿಸಿ ವಾರ್ಷಿಕ ಪುಸ್ತಕ ಮಾಡಿ ಮಾರುತ್ತಿತ್ತು.

ಮಾಸಿಕವನ್ನು ಹೀಗೆ ಬದಲಾಯಿಸುವಾಗ ಪತ್ರಿಕೆಗಳ ನೋಂದಣಿ ನೋಡಿಕೊಳ್ಳುವ ಪ್ರೆಸ್ ರಿಜಿಸ್ಟ್ರಾರ್‌ಗೆ ತಿಳಿಸುವುದು ಮರೆಯಬೇಡಿ. 1867ರ ಹಳೆಯ ಕಾಯ್ದೆ ಹೋಗಿ, 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಕೆಲಸವೆಲ್ಲ ಪ್ರೆಸ್ ಸೇವಾ ಪೋರ್ಟಲ್‌ನಲ್ಲೇ ಆಗುತ್ತದೆ. ಸುಮ್ನೆ ಅಚ್ಚು ನಿಲ್ಲಿಸಿ ಕೂತರೆ ನೋಂದಣಿ ಕಳೆದುಕೊಳ್ಳಬಹುದು. 14 ವರ್ಷ ಕಾಪಾಡಿಕೊಂಡ ಹೆಸರು ಅದು. ಇನ್ನು ಚಂದಾ ಅವಧಿ ಉಳಿದಿರುವವರಿಗೆ ಆಯ್ಕೆ ಕೊಡಿ: ಉಳಿದ ದುಡ್ಡು ವಾಪಸ್, ಇಲ್ಲವೇ ಡಿಜಿಟಲ್ ಚಂದಾ ಜೊತೆ ವಿಶೇಷಾಂಕ. ಕೇಳುವ ಮುಂಚೆ ನೀವೇ ಹೇಳಿ.

ಈಗ ಪಿಡಿಎಫ್ ವಿಷಯ. ಒಂದು ಸಲ ಪಿಯುಸಿ ಓದುವ ತಂಗಿ ಮಗಳ ಜೊತೆ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಜಯನಗರಕ್ಕೆ ಹೋಗುತ್ತಿದ್ದೆ. ಒಂದು ಪತ್ರಿಕೆಯ ಪಿಡಿಎಫ್ ಅವಳ ಫೋನಿಗೆ ಕಳಿಸಿ, ಓದು ನೋಡೋಣ ಅಂದೆ. ಮುಖಪುಟ ನೋಡಿ ಚೆನ್ನಾಗಿದೆ ಅಂದಳು. ಒಳಗಿನ ಪುಟದಲ್ಲಿ ಮೂರು ಕಾಲಂ. ಎರಡು ಬೆರಳಲ್ಲಿ ಹಿಗ್ಗಿಸಿದಳು. ಮೊದಲ ಕಾಲಂನ ಕೆಳಗೆ ಬಂದ ಮೇಲೆ ಮತ್ತೆ ಮೇಲಕ್ಕೆ ಹೋಗಿ ಎರಡನೇ ಕಾಲಂ ಹುಡುಕಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನ್. ಮೆಜೆಸ್ಟಿಕ್ ಬರುವಷ್ಟರಲ್ಲಿ ಮುಚ್ಚಿಟ್ಟಳು. ಬರಹ ಚೆನ್ನಾಗಿಲ್ಲ ಅಂತ ಅಲ್ಲ. ಆ ಪುಟ ಮೇಜಿನ ಮೇಲೆ ಬಿಡಿಸಿಟ್ಟು ಓದುವುದಕ್ಕೆ ಮಾಡಿದ್ದು.

ಆದ್ದರಿಂದ ಪುಟವನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಉದಾಹರಣೆಗೆ ಗುಳೇದಗುಡ್ಡದ ಖಣದ ಬಟ್ಟೆಯಲ್ಲಿ ಹೊಸ ಬಗೆಯ ಕುಪ್ಪಸ ಅಂತ ನೀವು 6 ಪುಟದ ಲೇಖನ ಮಾಡಿದ್ದೀರಿ ಅಂದುಕೊಳ್ಳಿ. ಅಚ್ಚಿನಲ್ಲಿ ಎರಡು ಪುಟ ತುಂಬಾ ಅಡ್ಡ ಫೋಟೊ, ಆಮೇಲೆ ಬರಹ, ಕೊನೆಗೆ ಅಳತೆಯ ಚೌಕ. ಫೋನಿನಲ್ಲಿ ಆ ಅಡ್ಡ ಫೋಟೊ ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಅದರ ಬದಲು ಟೈಲರ್ ಬಟ್ಟೆ ಕತ್ತರಿಸುವುದು, ಅಂಚು ತೋಳಿಗೆ ಬರುವ ಹಾಗೆ ಕೂರಿಸುವುದು, ಇದನ್ನು ಫೋನ್ ನೆಟ್ಟಗೆ ಹಿಡಿದು ನೋಡುವ ಹಾಗೆ ಉದ್ದಕ್ಕೆ ವಿಡಿಯೊ ಮಾಡಿ. ಅಳತೆಯನ್ನು ಫೋನಿನಲ್ಲಿ ಸೇವ್ ಮಾಡಿಕೊಂಡು ಮನೆ ಹತ್ತಿರದ ಟೈಲರ್‌ಗೆ ತೋರಿಸಲು ಆಗುವ ಹಾಗೆ ಒಂದೇ ಚಿತ್ರ ಮಾಡಿ. ಬರಹ ಬೇರೆಯಾಗಿ, ಒಂದೇ ಕಾಲಂನಲ್ಲಿ ಇರಲಿ. ಮುಂದೆ ಫೋಟೊ ತೆಗೆಸುವಾಗ ಉದ್ದಕ್ಕೂ ಅಡ್ಡಕ್ಕೂ ಎರಡೂ ತೆಗೆಯಲು ಫೋಟೊಗ್ರಾಫರ್‌ಗೆ ಮೊದಲೇ ಹೇಳಿ. ಪ್ರೆಸ್ಸಿಗೆ ಕಳಿಸಿದ ನಾಲ್ಕು ಬಣ್ಣದ ಫೈಲನ್ನೇ ವೆಬ್‌ಗೆ ಹಾಕಬೇಡಿ, ಪರದೆಯ ಮೇಲೆ ಬಣ್ಣ ಮಂಕಾಗುತ್ತದೆ. ಕ್ಯಾಮೆರಾದ ಮೂಲ ಫೈಲಿನಿಂದ ಮತ್ತೆ ತಯಾರಿಸಿ.

ವೆಬ್‌ಸೈಟ್ ಮಾಡುವವರಿಗೆ ಒಂದು ಮಾತು ಒತ್ತಿ ಹೇಳಿ. ಇಂಗ್ಲಿಷಿಗೆ ಮಾಡಿದ ವಿನ್ಯಾಸದಲ್ಲಿ ಸಾಲುಗಳ ನಡುವಿನ ಜಾಗ ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. 'ಸ್ತ್ರೀ', 'ವಸ್ತ್ರ' ಅಂತ ಬಂದರೆ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. ಅಕ್ಷರದ ಎತ್ತರಕ್ಕೆ 1.6ರಷ್ಟಾದರೂ ಸಾಲಿನ ಅಂತರ ಕೊಡಿಸಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಇವೆಲ್ಲ ಉಚಿತವಾಗಿ ಸಿಗುವ ಫಾಂಟ್‌ಗಳು.

ಒಂದನೇ ತಾರೀಕಿಗೆ ಎಲ್ಲವನ್ನೂ ಒಟ್ಟಿಗೆ ಸುರಿಯುವ ಅಭ್ಯಾಸವನ್ನೂ ಬಿಡಬೇಕು. ರೂಕಿ ದಿನಕ್ಕೆ ಮೂರು ಸಲ ಹೊಸದನ್ನು ಹಾಕುತ್ತಿತ್ತು: ಶಾಲೆ ಬಿಟ್ಟ ಮೇಲೆ, ರಾತ್ರಿ ಊಟದ ಹೊತ್ತಿಗೆ, ಮಲಗುವ ಮುಂಚೆ. ತಿಂಗಳಿಗೆ ಒಂದು ವಿಷಯ ಇಟ್ಟುಕೊಂಡು ಅದರ ಸುತ್ತ ಬರೆಯುತ್ತಿದ್ದರು. ಆ ಲೆಕ್ಕ ನನಗೆ ತುಂಬಾ ಇಷ್ಟ, ಯಾಕೆಂದರೆ ಅದು ಹುಡುಗಿಯ ದಿನವನ್ನು ನೋಡಿ ಮಾಡಿದ್ದು. ನಾಲ್ಕು ಜನಕ್ಕೆ ದಿನಕ್ಕೆ ಮೂರು ಆಗದ ಮಾತು. ವಾರಕ್ಕೆ ಮೂರು ಸಾಕು, ಟ್ಯೂಷನ್ ಮುಗಿದು ಮನೆಗೆ ಬಂದ ಹೊತ್ತಿಗೆ. ಪರೀಕ್ಷೆಯ ಮಾರ್ಚ್ ತಿಂಗಳಲ್ಲಿ ಇನ್ನೂ ಕಡಿಮೆ ಮಾಡಿ. ಅಮ್ಮಂದಿರು ಅದನ್ನು ಗಮನಿಸುತ್ತಾರೆ.

ದುಡ್ಡಿನ ಮಾತಿಗೆ ಬಂದರೆ ಕಾನೂನಿನಿಂದಲೇ ಶುರು ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳು ಅನ್ನುತ್ತದೆ. ಅವರ ಮಾಹಿತಿ ಪಡೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅದು ನಿಜವಾದ ಒಪ್ಪಿಗೆ ಅಂತ ಖಚಿತಪಡಿಸಿಕೊಳ್ಳಬೇಕು. ಮಕ್ಕಳು ಏನು ನೋಡುತ್ತಾರೆ ಅಂತ ಹಿಂಬಾಲಿಸಿ, ಅದಕ್ಕೆ ತಕ್ಕ ಜಾಹೀರಾತು ತೋರಿಸುವ ಹಾಗಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಮುಖ್ಯ ಭಾಗಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ನೀವು ಈಗಿನಿಂದಲೇ ಹಾಗೆ ನಡೆದುಕೊಳ್ಳಿ. ಅಮ್ಮನ ಹೆಸರು, ನಂಬರ್ ಕೇಳಿ, ಮಗಳದ್ದು ಬೇಡ ಅಂತ ನಾನು ಮೊದಲೇ ಹೇಳಿದ್ದು ಇದಕ್ಕೂ ಸೇರಿಸಿಯೇ.

ಹಾಗಾದರೆ ಜಾಹೀರಾತು ಹೇಗೆ? ಅಚ್ಚಿನಲ್ಲಿ ಮಾಡುತ್ತಿದ್ದ ಹಾಗೇ. ಕುಪ್ಪಸದ ಲೇಖನದ ಪಕ್ಕದಲ್ಲಿ ಬಟ್ಟೆ ಅಂಗಡಿ ಜಾಹೀರಾತು. ಓದುತ್ತಿರುವವಳು ಯಾರು ಅಂತ ಗೊತ್ತಿರಬೇಕಾಗಿಲ್ಲ, ಲೇಖನ ಯಾವುದು ಅಂತ ಗೊತ್ತಿದ್ದರೆ ಸಾಕು. ಜಯನಗರ 4ನೇ ಬ್ಲಾಕಿನಲ್ಲೋ ಕಮರ್ಷಿಯಲ್ ಸ್ಟ್ರೀಟಿನಲ್ಲೋ ಅಂಗಡಿ ಇಟ್ಟವರಿಗೆ ಇದು ಅರ್ಥವಾಗುವ ವ್ಯಾಪಾರ. ದುಡ್ಡು ತಗೊಂಡು ಮಾಡಿದ ವಿಡಿಯೊ ಮೇಲೆ 'ಜಾಹೀರಾತು' ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೆಯಿರಿ. ಜಾಹೀರಾತು ಮಾನದಂಡ ಮಂಡಳಿ 2021ರಿಂದಲೇ ಇದನ್ನು ಹೇಳುತ್ತಾ ಬಂದಿದೆ. 14 ವರ್ಷದವಳಿಗೆ ಜಾಹೀರಾತು ಯಾವುದು, ಅಕ್ಕನ ಸಲಹೆ ಯಾವುದು ಅಂತ ಬೇರೆ ಮಾಡುವುದು ದೊಡ್ಡವರಿಗಿಂತ ಕಷ್ಟ. ಚಂದಾ ದರ ಇಡುವಾಗ ತೆರಿಗೆ ನೆನಪಿರಲಿ: ಅಚ್ಚಾದ ಪತ್ರಿಕೆಗೆ ಜಿಎಸ್‌ಟಿ ಇಲ್ಲ, ಆನ್‌ಲೈನ್ ಚಂದಾ 18 ಪರ್ಸೆಂಟ್‌ಗೆ ಬರುತ್ತದೆ. ನಿಮ್ಮ ವಹಿವಾಟಿಗೆ ಅದು ಅನ್ವಯಿಸುತ್ತದಾ ಅಂತ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿ.

ಕೊನೆಗೆ ಹಳೆಯ ಸಂಚಿಕೆಗಳು. ಇದಕ್ಕೇ ನಾನು ಜಾಸ್ತಿ ಹೆದರುವುದು.

ನಿಮ್ಮ ಮೊದಲ ವರ್ಷಗಳ ಫೈಲುಗಳು ಹಳೆಯ ನುಡಿ ಫಾಂಟಿನಲ್ಲೋ ಅಂಥದ್ದೇ ಬೇರೆ ಫಾಂಟಿನಲ್ಲೋ ಇರುತ್ತವೆ, ಎಲ್ಲ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಅಲ್ಲ. ಹಾಗೇ ವೆಬ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಅರ್ಕಾವತ್ತು ಎಡವಿಸುತ್ತದೆ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಒಳ್ಳೆಯ ಪರಿವರ್ತಕ ಅಲ್ಲದಿದ್ದರೆ 'ವರ್ಷ' ಹೋಗಿ 'ವಷರ್' ಆಗುತ್ತದೆ, 'ಕುರ್ತಾ' ಹೋಗಿ 'ಕುತಾರ್' ಆಗುತ್ತದೆ. ಓದುವವರಿಗೆ ಕಿರಿಕಿರಿ ಒಂದು ಕಡೆ, ಗೂಗಲ್‌ನಲ್ಲಿ ಕುರ್ತಾ ಅಂತ ಹುಡುಕಿದವಳಿಗೆ ನಿಮ್ಮ ಲೇಖನ ಸಿಗುವುದೇ ಇಲ್ಲ. ಈ ಕೆಲಸಕ್ಕೆ ಹೊರಗಿನವರನ್ನು ಹುಡುಕಬೇಡಿ. ನಿಮ್ಮ ಡಿಟಿಪಿ ಮಾಡುತ್ತಿದ್ದವರಿಗೆ ಕೊಡಿ. ಆ ಅಕ್ಷರಗಳ ಜೊತೆ ವರ್ಷಗಟ್ಟಲೆ ಕೂತವರು ಅವರು, ತಪ್ಪು ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ಮುಖ್ಯ ಪ್ರಶ್ನೋತ್ತರದ ಪುಟ. ನಿಮ್ಮಲ್ಲೂ ಅಕ್ಕನಿಗೆ ಪತ್ರ ಬರೆಯುವ ಕಾಲಂ ಒಂದು ಇದ್ದೇ ಇರುತ್ತದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹಳೆಯ ಸಂಚಿಕೆಗಳನ್ನೆಲ್ಲ ಉತ್ಸಾಹದಿಂದ ವೆಬ್‌ಗೆ ಹಾಕಿದೆವು. ಕೆಲವು ತಿಂಗಳ ನಂತರ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಮೊದಲು ಮಾತೇ ಬರಲಿಲ್ಲ ಅವರಿಗೆ. ಹೈಸ್ಕೂಲಿನಲ್ಲಿದ್ದಾಗ ಮುಖದ ಮೇಲೆ ಕೂದಲು ಬರುತ್ತಿದೆ, ಕ್ಲಾಸಿನಲ್ಲಿ ಹುಡುಗರು ಆಡಿಕೊಳ್ಳುತ್ತಾರೆ ಅಂತ ಪತ್ರ ಬರೆದಿದ್ದರಂತೆ. ಅಚ್ಚಿನಲ್ಲಿ ಹೆಸರು, ಊರು ಎರಡೂ ಹಾಕಿದ್ದೆವು. ಆಗ ಅದು ಒಂದು ತಿಂಗಳ ಮಾತು, ಸಂಚಿಕೆ ರದ್ದಿಗೆ ಹೋದರೆ ಮುಗಿಯಿತು. ಈಗ ಅವರ ಆಫೀಸಿನಲ್ಲಿ ಯಾರೋ ಅವರ ಹೆಸರು ಹುಡುಕಿದಾಗ ಮೊದಲು ಬಂದದ್ದು ಆ ಪತ್ರ. 'ಮೇಡಂ, ನಾನು ಅಕ್ಕನಿಗೆ ಅಂತ ಬರೆದಿದ್ದೆ' ಅಂದರು. ಅವತ್ತೇ ತೆಗೆದೆವು. ಹುಡುಕಾಟದಲ್ಲಿ ಅದು ಮರೆಯಾಗಲು ಮತ್ತೂ ಕೆಲವು ವಾರ ಹಿಡಿಯಿತು. ಆ ಧ್ವನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಫೋಟೊಗಳದ್ದೂ ಇದೇ ಕತೆ. 2012ರಲ್ಲಿ ನಿಮ್ಮ ಮುಖಪುಟಕ್ಕೆ ನಿಂತ 15ರ ಹುಡುಗಿಯ ಅಪ್ಪ ಅಮ್ಮ ಒಪ್ಪಿದ್ದು ಒಂದು ತಿಂಗಳ ಮಾಸಿಕಕ್ಕೆ, ವೆಬ್‌ಗೆ ಅಲ್ಲ. ಅವಳು ಈಗ ದೊಡ್ಡವಳು. ಅವಳನ್ನೇ ಕೇಳಿ. ಸಿಗದಿದ್ದರೆ ಆ ಫೋಟೊ ಬಿಟ್ಟು ಬರಹ ಮಾತ್ರ ಹಾಕಿ. ಇನ್ನು ಮುಂದೆ ಫೋಟೊ ತೆಗೆಯುವಾಗ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಿ: ಯಾವಾಗ ತೆಗೆಯಿರಿ ಅಂದರೂ, ಕಾರಣ ಕೇಳದೆ ತೆಗೆಯುತ್ತೇವೆ.

14 ವರ್ಷ ಅಂದರೆ 168 ಸಂಚಿಕೆ, ಅಷ್ಟೇ ಪ್ರಶ್ನೋತ್ತರದ ಪುಟಗಳು. ಒಬ್ಬರು ಕೂತು ದಿನಕ್ಕೆ 8 ಪುಟ ನೋಡಿ, ಹೆಸರು, ಊರು, ಶಾಲೆ, ಗುರುತು ಸಿಗುವ ಬೇರೆ ವಿವರ ತೆಗೆದರೆ 21 ದಿನದ ಕೆಲಸ. ಅಷ್ಟು ಮುಗಿಯುವವರೆಗೆ ಹಳೆಯ ಸಂಚಿಕೆಗಳ ವಿಭಾಗ ತೆರೆಯಬೇಡಿ.